ಮಧ್ಯಾಹ್ನ ಎರಡಕ್ಕೆ ಹೊರಟು ಅದೇ ಸಂಜೆ ಅಮೆರಿಕ?

ಪ್ರಶ್ನೆ: ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮಗಳ ಮನೆಗೆ ಹೋಗಬೇಕೆಂದಿದ್ದೇವೆ. ನೇರ ವಿಮಾನವೊಂದರ ವೇಳೆ ನೋಡಿದರೆ, ಬೆಂಗಳೂರು ಬಿಡುವುದು ಮಧ್ಯಾಹ್ನ 2ಕ್ಕೆ, ತಲುಪುವುದು ಅದೇ ದಿನ ಸಂಜೆ 5.30ಕ್ಕೆ ಎಂದಿತ್ತು. ನಿಜಕ್ಕೂ ಎಷ್ಟು ದೂರ, ಎಷ್ಟು ಹೊತ್ತು?

ಉತ್ತರ: ಕೂತಿರಬೇಕಾದದ್ದು 17 ಗಂಟೆ. ಟಿಕೆಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ 13.30 ಗಂಟೆ ಹಿಂದಿರುತ್ತದೆ. ನೀವು ಇಳಿಯುವಾಗ ಇಲ್ಲಿ ಮರುದಿನ ಬೆಳಗಿನ 7 ಗಂಟೆ. ಅದರಲ್ಲಿ ಹದಿಮೂರೂವರೆ ಗಂಟೆ ಕಳೆದರೆ ಅಲ್ಲಿಯ ಸಂಜೆ 5.30. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ಅಂತರ 12.30 ಗಂಟೆ.

ಜನ ಎಡವುವುದು ವಾಪಸ್ ಬರುವಾಗ. ಶುಕ್ರವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟ 17 ಗಂಟೆಯ ವಿಮಾನ ಇಲ್ಲಿ ಇಳಿಯುವುದು ಭಾನುವಾರ ಬೆಳಗಿನ ಜಾವ 3.30ಕ್ಕೆ. ಶನಿವಾರಕ್ಕೆ ಟ್ಯಾಕ್ಸಿ ಹೇಳಿಬಿಟ್ಟೀರಿ, ಜೋಕೆ.

ದೂರ ಸುಮಾರು 13,990 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಸ್ಕೇಲಿಟ್ಟರೆ ದಾರಿ ಆಫ್ರಿಕ, ಅಟ್ಲಾಂಟಿಕ್ ಸಾಗರದ ಮೇಲೆ ಹಾಯುತ್ತದೆ. ಆದರೆ ಅದು ಹತ್ತಿರದ ದಾರಿಯಲ್ಲ. ಮೊಮ್ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರವನ್ನು ಎರಡೂ ಊರಿಗೆ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ ದಾಟಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ.

ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ಉಳಿದದ್ದು ರನ್‌ವೇ ತಲುಪುವುದಕ್ಕೆ, ಏರಿ ಇಳಿಯುವುದಕ್ಕೆ ಮತ್ತು ಸುತ್ತು ದಾರಿಗೆ ಹೋಗುತ್ತದೆ. ಪೈಲಟ್‌ಗಳು ದಾರದ ಗೆರೆಗೆ ಅಂಟಿಕೊಳ್ಳುವುದಿಲ್ಲ; ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಬೆನ್ನಿಗಿದ್ದರೆ ಉದ್ದದ ದಾರಿಯೂ ಬೇಗ ಮುಗಿಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಅಲ್ಲಿಂದ ಬೆಂಗಳೂರಿಗೆ ತಂದದ್ದು ಉತ್ತರ ಧ್ರುವದ ಮೇಲಿಂದಲೇ. ಅಂಥ ಚಳಿಯಲ್ಲಿ ಇಂಧನದ ಮೇಲೂ ಕಣ್ಣಿಟ್ಟಿರಬೇಕು: ಅಮೆರಿಕದಲ್ಲಿ ತುಂಬುವ ಜೆಟ್ ಎ ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 40 ಡಿಗ್ರಿ. ಟ್ಯಾಂಕಿನ ತಾಪ ಅದರ ಹತ್ತಿರ ಬಂದರೆ ಕೆಳಗಿನ ಬೆಚ್ಚಗಿನ ಗಾಳಿಗೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ.

ಪ್ರಶ್ನೆ: ನೇರ ವಿಮಾನದ ಟಿಕೆಟ್ ಸಿಗದಿದ್ದರೆ?

ಉತ್ತರ: ದುಬೈ ಮೂಲಕ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ ಸುಮಾರು 16,500. ಹಾರಾಟದಲ್ಲಿ ಹೆಚ್ಚುವುದು ಎರಡು ಮೂರು ಗಂಟೆ ಮಾತ್ರ. ದಿನ ತಿನ್ನುವುದು ನಡುವಿನ ಕಾಯುವಿಕೆ. ಮಂಡಿ ನೋವಿದ್ದವರಿಗೆ ಮೂರು ಗಂಟೆಯ ಬಿಡುವೇ ವಾಸಿ. ನ್ಯೂಯಾರ್ಕ್‌ನಂಥ ಅಮೆರಿಕದ ಊರಲ್ಲೇ ವಿಮಾನ ಬದಲಿಸುವುದಾದರೆ ಇನ್ನೂ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಮೊದಲು ಇಳಿದಲ್ಲೇ ಇಮಿಗ್ರೇಷನ್ ಮುಗಿಸಿ, ಸೂಟ್‌ಕೇಸ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬೆಲ್ಟಿಗೆ ಕೊಡಬೇಕು. ಉಪ್ಪಿನಕಾಯಿ ಡಬ್ಬಿ, ತಿಂಡಿ ಪೊಟ್ಟಣಗಳ ವಿವರ ಹೇಳಬೇಕಾದದ್ದೂ ಅಲ್ಲೇ.