ಸಿ ಪುಸ್ತಕ ಕೊಳ್ಳುವ ಮುನ್ನ

ಪ್ರಶ್ನೆ: ಬಿಸಿಎ ಮೊದಲ ಸೆಮಿಸ್ಟರ್‌ನಲ್ಲಿದ್ದೇನೆ. ಸೀನಿಯರ್ ಕೊಟ್ಟ, ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಪುಸ್ತಕದ ಪ್ರೋಗ್ರಾಂಗಳನ್ನು ಇದ್ದ ಹಾಗೇ ಟೈಪ್ ಮಾಡಿದರೂ ಉಬುಂಟುವಿನಲ್ಲಿ ‘ಕೋನಿಯೋ.ಎಚ್’ ಫೈಲ್ ಇಲ್ಲ ಎಂದು ಎರರ್ ಬರುತ್ತದೆ. ಬೇರೆ ಪುಸ್ತಕ ಕೊಳ್ಳಬೇಕೆ? ಹೇಗೆ ಆರಿಸಲಿ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಟೈಪಿಂಗ್‌ನಲ್ಲಿ ತಪ್ಪಿಲ್ಲ. ಆ ಪುಸ್ತಕ ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಕಾಲದ ಕಂಪೈಲರ್ (ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ‘ಟರ್ಬೋ ಸಿ’ಗಾಗಿ ಬರೆದದ್ದು. ಕೋನಿಯೋ.ಎಚ್, ಸ್ಕ್ರೀನ್ ಒರೆಸುವ ‘ಸಿಎಲ್‌ಆರ್‌ಎಸ್‌ಸಿಆರ್’, ಕೀ ಒತ್ತುವವರೆಗೆ ಕಾಯಿಸುವ ‘ಗೆಟ್‌ಚ್’ ಮೂರೂ ಸಿ ಭಾಷೆಯ ಅಧಿಕೃತ ನಿಯಮಾವಳಿಯಾದ ಸಿ ಸ್ಟ್ಯಾಂಡರ್ಡ್‌ನಲ್ಲಿ ಯಾವತ್ತೂ ಇರಲಿಲ್ಲ. ಆ ಸಾಲುಗಳನ್ನು ಅಳಿಸಿ, ‘ವಾಯ್ಡ್ ಮೇನ್’ ಇದ್ದಲ್ಲಿ ‘ಇಂಟ್ ಮೇನ್’ ಮಾಡಿ. ಮೊದಲ ಅಧ್ಯಾಯಗಳ ಬಹುಪಾಲು ಪ್ರೋಗ್ರಾಂಗಳು ಓಡುತ್ತವೆ.

ಎರರ್ ಬಂದರೆ ವಾಸಿ, ತಪ್ಪು ಕಣ್ಣಿಗೆ ಬೀಳುತ್ತದೆ. ಸದ್ದಿಲ್ಲದೆ ತಪ್ಪು ಕಲಿಸುವ ಪುಟಗಳೇ ಅಪಾಯ. ‘ಐ++ + ++ಐ’ ಔಟ್‌ಪುಟ್ ಏನು ಎಂದು ಕೇಳಿ ಒಂದು ಸಂಖ್ಯೆಯನ್ನೂ ಕೊಟ್ಟಿರುತ್ತಾರೆ. ಸ್ಟ್ಯಾಂಡರ್ಡ್ ಪ್ರಕಾರ ಅದಕ್ಕೆ ಉತ್ತರವೇ ಇಲ್ಲ. ಒಂದೇ ವೇರಿಯಬಲ್ಲನ್ನು ಕ್ರಮ ಗೊತ್ತುಮಾಡದೆ ಎರಡು ಸಲ ಬದಲಿಸಿದರೆ ಕಂಪೈಲರ್ ಏನು ಬೇಕಾದರೂ ಮಾಡಬಹುದು. ಪೂರ್ಣಾಂಕ ಇಡುವ ‘ಇಂಟ್’ ಎಂದರೆ 2 ಬೈಟ್ ಎನ್ನುವುದು 16 ಬಿಟ್ ಕಂಪೈಲರ್‌ನ ಮಾತು, ನಿಮ್ಮ ಲ್ಯಾಪ್‌ಟಾಪಿನಲ್ಲಿ 4. (ಪರೀಕ್ಷೆಯಲ್ಲಿ ಕೇಳಿದರೆ ಪುಸ್ತಕದ ಉತ್ತರವನ್ನೇ ಬರೆದು ಬನ್ನಿ, ತಲೆಯಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ.)

ಅಂಗಡಿಯಲ್ಲಿ ಮೊದಲು ಸ್ಟ್ರಿಂಗ್ ಅಧ್ಯಾಯ ತೆರೆಯಿರಿ. ಇನ್‌ಪುಟ್‌ಗೆ ‘ಗೆಟ್ಸ್’ ಬಳಸಿದ್ದರೆ ಕೆಳಗಿಡಿ: ಎಷ್ಟು ಅಕ್ಷರ ಓದಬೇಕೆಂಬ ಮಿತಿಯೇ ಅದಕ್ಕಿಲ್ಲ, ಅಕ್ಷರಗಳನ್ನಿಡುವ ‘ಅರೇ’ (array) ತುಂಬಿ ಪಕ್ಕದ ಮೆಮೊರಿಗೆ ಹರಿಯುತ್ತದೆ. 2011ರ ಸ್ಟ್ಯಾಂಡರ್ಡ್ ಅದನ್ನು ತೆಗೆದೇ ಹಾಕಿತು, ‘ಎಫ್‌ಗೆಟ್ಸ್’ ಇರಬೇಕು. ಆಮೇಲೆ ಮೆಮೊರಿ ಕೇಳಿ ಪಡೆಯುವ ‘ಮ್ಯಾಲಕ್’ ಇರುವ ಪುಟ. ಮೆಮೊರಿ ಸಿಗದೆ ‘ನಲ್’ ಬಂತೇ ಎಂದು ಲೇಖಕರು ಪರೀಕ್ಷಿಸಿದ್ದಾರೆಯೇ, ಕೊನೆಗೆ ‘ಫ್ರೀ’ ಮಾಡಿ ಮೆಮೊರಿ ಹಿಂದಿರುಗಿಸಿದ್ದಾರೆಯೇ? ಇನ್‌ಪುಟ್ ಓದುವ ‘ಸ್ಕ್ಯಾನ್‌ಎಫ್’ ಹಿಂದಿರುಗಿಸುವ ಸಂಖ್ಯೆಯನ್ನು ಪರೀಕ್ಷಿಸುವ ಲೇಖಕರು ಕಡಿಮೆ, ಸಿಕ್ಕರೆ ಬಿಡಬೇಡಿ. ಮುದ್ರಣದ ವರ್ಷ ನಂಬಬೇಡಿ, ಮರುಮುದ್ರಣಕ್ಕೂ ಹೊಸ ಇಸವಿ ಹಾಕುತ್ತಾರೆ. ಪರಿಷ್ಕೃತ ಆವೃತ್ತಿ ಯಾವಾಗಿನದು ಎಂದು ನೋಡಿ.

ಪ್ರಶ್ನೆ: ಹಾಗಾದರೆ ಸಿ ಬಗ್ಗೆ ಕರ್ನಿಗನ್ ಮತ್ತು (ಆ ಭಾಷೆಯನ್ನು ರೂಪಿಸಿದ) ರಿಚಿಯವರು ಬರೆದ ಹೆಸರಾಂತ ಪುಸ್ತಕವೂ ಹಳೆಯದೇ ಅಲ್ಲವೇ?
— ಓದುಗರು, ಶಿರಸಿ

ಉತ್ತರ: ಹಳೆಯದೇ. ಎರಡನೇ ಆವೃತ್ತಿ 1988ರದು. ಆದರೂ ಕೊಳ್ಳಿ, ಅಭ್ಯಾಸದ ಲೆಕ್ಕಗಳಿಗಾಗಿಯಾದರೂ. ಒಂದು ತೊಡಕಿದೆ: ಅದರಲ್ಲಿ ‘ಮೇನ್’ ಹಿಂದೆ ‘ಇಂಟ್’ ಬರೆದಿರುವುದಿಲ್ಲ, ಲಿನಕ್ಸ್‌ನಲ್ಲಿ ಬಳಸುವ ಕಂಪೈಲರ್ ಜಿಸಿಸಿಯ 14ನೇ ಆವೃತ್ತಿ ಅದನ್ನು ಎರರ್ ಎನ್ನುತ್ತದೆ. ನೀವೇ ‘ಇಂಟ್’ ಸೇರಿಸಿ, ಕೊನೆಯಲ್ಲಿ ‘ರಿಟರ್ನ್ 0’ ಬರೆಯಿರಿ. ಪ್ರೋಗ್ರಾಮಿಂಗನ್ನೇ ಮೊದಲ ಸಲ ಕಲಿಯುವವರಿಗೆ ಮಾತ್ರ ಅದು ಬಿರುಸು.