ಹೊಸ ಲ್ಯಾಪ್‌ಟಾಪ್, ಕನ್ನಡದಲ್ಲಿ ನಡಾವಳಿ ಟೈಪ್ ಮಾಡಬೇಕು: ಎಲ್ಲಿಂದ ಶುರು ಮಾಡುವುದು?

ನಿಮ್ಮ ಪ್ರಶ್ನೆ ಇಷ್ಟು: ಊರು ಕೇರಳದ ಕಾಸರಗೋಡಿನ ಬದಿಯಡ್ಕದ ಹತ್ತಿರ, ವಯಸ್ಸು 56. ಮಗಳು ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಟ್ಟು ಬೆಂಗಳೂರಿಗೆ ಹೋಗಿದ್ದಾಳೆ. ಫೋನು ಚೆನ್ನಾಗಿ ಗೊತ್ತು, ಲ್ಯಾಪ್‌ಟಾಪಿನಲ್ಲಿ ಎಂತದೂ ಗೊತ್ತಿಲ್ಲ. ಹಾಲಿನ ಸೊಸೈಟಿಯ ಸಭೆಯ ನಡಾವಳಿ ಕನ್ನಡದಲ್ಲಿ ಟೈಪ್ ಮಾಡಿ ಕಳಿಸಬೇಕು. ಕ್ಲಾಸಿಗೆ ಸೇರಬೇಕಾ ಎಂದು ಕೇಳಿದ್ದೀರಿ.

ಬೇಡ. ಆ ನಡಾವಳಿಯನ್ನೇ ಪಾಠ ಮಾಡಿಕೊಳ್ಳಿ. ಅದನ್ನು ಟೈಪ್ ಮಾಡಿ, ಹೆಸರು ಕೊಟ್ಟು ಉಳಿಸಿ, ಮರುದಿನ ಹುಡುಕಿ ತೆರೆದು, ಪಿಡಿಎಫ್ ಮಾಡಿ ಕಳಿಸಿದರೆ ದಿನನಿತ್ಯಕ್ಕೆ ಬೇಕಾದ ಮುಕ್ಕಾಲು ಪಾಲು ಕೆಲಸ ಅದರಲ್ಲೇ ಬಂತು. ದಿನಕ್ಕೆ ಅರ್ಧ ಗಂಟೆ ಕೂತರೆ ಸಾಕು, ಆದರೆ ದಿನಾ ಕೂರಬೇಕು.

ಮೊದಲು ಕೈ ಪಳಗಲಿ. ಟಚ್‌ಪ್ಯಾಡಿನಲ್ಲಿ ಒಂದು ಬೆರಳು ತಟ್ಟಿದರೆ ಕ್ಲಿಕ್, ಎರಡು ಬೆರಳು ಒಟ್ಟಿಗೆ ತಟ್ಟಿದರೆ ರೈಟ್ ಕ್ಲಿಕ್, ಎರಡು ಬೆರಳು ಮೇಲೆ ಕೆಳಗೆ ಜಾರಿಸಿದರೆ ಪುಟ ಸರಿಯುತ್ತದೆ. ಫೋನಿನಲ್ಲಿ ಒತ್ತಿ ಹಿಡಿದು ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ರೈಟ್ ಕ್ಲಿಕ್. ಡೆಸ್ಕ್‌ಟಾಪಿನ ಐಕಾನ್ ತೆರೆಯಲು ಬೇಗ ಬೇಗ ಎರಡು ಕ್ಲಿಕ್. ಕೆಳಗಿನ ಟಾಸ್ಕ್‌ಬಾರ್, ಮೆನು, ಲಿಂಕುಗಳಿಗೆ ಒಂದೇ ಕ್ಲಿಕ್. ಬೆರಳು ಒಗ್ಗದಿದ್ದರೆ ಒಂದು ಯುಎಸ್‌ಬಿ ಮೌಸ್ ತೆಗೆದುಕೊಳ್ಳಿ, ಕಲಿಕೆ ಅರ್ಧಕ್ಕರ್ಧ ಸಲೀಸು. ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಕಂಟ್ರೋಲ್ ಹಿಡಿದು ಝಡ್ ಒತ್ತುವುದನ್ನು ಕಲಿಯಿರಿ. ಬರೆದದ್ದು ಅಳಿಸಿ ಹೋದರೂ, ಅಕ್ಷರ ಎಲ್ಲಿಗೋ ಹಾರಿದರೂ ಅದು ಹಿಂದಿನ ಸ್ಥಿತಿಗೆ ತರುತ್ತದೆ. ಅದು ಬೆರಳ ತುದಿಯಲ್ಲಿದ್ದರೆ ಹಾಳಾದೀತು ಎಂಬ ಹೆದರಿಕೆ ತಾನಾಗಿ ಹೋಗುತ್ತದೆ.

ಟೈಪ್ ಮಾಡಲು ಲಿಬ್ರೆ ಆಫೀಸ್ ಹಾಕಿಕೊಳ್ಳಿ, ದುಡ್ಡಿಲ್ಲ. ಕೇರಳದ ಶಾಲೆಗಳಲ್ಲಿ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟಿನ ಲಿನಕ್ಸ್ (ವಿಂಡೋಸಿನಂಥದ್ದೇ ಇನ್ನೊಂದು ವ್ಯವಸ್ಥೆ) ಇರುವ ಲ್ಯಾಪ್‌ಟಾಪುಗಳಲ್ಲಿ ಮಕ್ಕಳು ಕಲಿಯುವುದೂ ಇದನ್ನೇ. ಹಾಗಾಗಿ ನೆರೆಮನೆಯ ಹೈಸ್ಕೂಲು ಮಕ್ಕಳು, ಅದರಲ್ಲೂ ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನಲ್ಲಿ ಇರುವವರು, ನಿಮಗೆ ತೋರಿಸಿಕೊಡಬಲ್ಲರು.

ಇನ್ನು ಹೊಸಬರು ನಿಜವಾಗಿ ಸಿಕ್ಕಿಬೀಳುವ ಜಾಗ: ಬರೆದದ್ದು ಎಲ್ಲಿ ಹೋಯಿತು? ಫೋನು ಫೋಟೋವನ್ನು ತಾನೇ ಗ್ಯಾಲರಿಗೆ ಹಾಕುತ್ತದೆ, ಜಾಗ ಕೇಳುವುದಿಲ್ಲ. ಲ್ಯಾಪ್‌ಟಾಪು ಕೇಳುತ್ತದೆ, ನಾವು ಓದದೆ ಸೇವ್ ಒತ್ತುತ್ತೇವೆ. ಆದ್ದರಿಂದ ಮೊದಲ ದಿನವೇ ವಿಂಡೋಸ್ ಕೀ (ಕಿಟಕಿಯ ಗುರುತಿನ ಕೀ) ಹಿಡಿದು ಇ ಒತ್ತಿ, ಎಡಗಡೆ ಡಾಕ್ಯುಮೆಂಟ್ಸ್ ತೆರೆದು, ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ನ್ಯೂ, ಫೋಲ್ಡರ್. ಹೆಸರು ‘ಸೊಸೈಟಿ’ ಎಂದು ಕೊಡಿ. ಕನ್ನಡದ ಹೆಸರು ನಡೆಯುತ್ತದೆ. ಇನ್ನು ಮುಂದೆ ಹೊಸ ಫೈಲನ್ನು ಉಳಿಸಲು ಕಂಟ್ರೋಲ್ ಮತ್ತು ಎಸ್ ಒತ್ತಿದಾಗ ಬರುವ ಚೌಕದಲ್ಲಿ ಎರಡೇ ಸಂಗತಿ ನೋಡಬೇಕು: ಮೇಲೆ ಫೋಲ್ಡರಿನ ಹೆಸರು, ಕೆಳಗೆ ಫೈಲಿನ ಹೆಸರು. ಹೆಸರಿನಲ್ಲಿ ದಿನಾಂಕ ಬೇಕಿದ್ದರೆ ‘ನಡಾವಳಿ 2026-01-18’ ಎಂದು ಇಸವಿ ಮೊದಲಾಗಿ ಬರೆಯಿರಿ, ಫೈಲುಗಳು ತಾವಾಗಿ ದಿನಾಂಕದ ಸಾಲಿಗೆ ನಿಲ್ಲುತ್ತವೆ. 18/01/2026 ಎಂದು ಬರೆದರೆ ವಿಂಡೋಸ್ ಒಪ್ಪುವುದಿಲ್ಲ. ಓರೆಗೆರೆ, ಪ್ರಶ್ನೆ ಚಿಹ್ನೆ, ಎರಡು ಚುಕ್ಕೆಯ ವಿವರಣೆ ಚಿಹ್ನೆ, ಇವು ಫೈಲಿನ ಹೆಸರಿನಲ್ಲಿ ನಿಷಿದ್ಧ.

ಎರಡು ಗೊಂದಲ ಮೊದಲೇ ಹೇಳಿಬಿಡುತ್ತೇನೆ. ವಾಟ್ಸ್ಆ್ಯಪ್ ವೆಬ್ಬಿನಿಂದಲೋ ಇ-ಮೇಲಿನಿಂದಲೋ ಇಳಿಸಿಕೊಂಡದ್ದು ಡಾಕ್ಯುಮೆಂಟ್ಸಿಗೆ ಹೋಗುವುದಿಲ್ಲ, ಡೌನ್‌ಲೋಡ್ಸಿನಲ್ಲಿ ಕೂತಿರುತ್ತದೆ. ಅಲ್ಲಿ ಫೈಲನ್ನು ಕ್ಲಿಕ್ ಮಾಡಿ ಕಂಟ್ರೋಲ್ ಎಕ್ಸ್ ಒತ್ತಿ ಎತ್ತಿಕೊಳ್ಳಿ, ನಿಮ್ಮ ಫೋಲ್ಡರಿನಲ್ಲಿ ಕಂಟ್ರೋಲ್ ವಿ ಒತ್ತಿ ಇಳಿಸಿ. ಎರಡನೆಯದು ಒನ್‌ಡ್ರೈವ್. ವಿಂಡೋಸ್ 11ರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಅದರೊಳಗೆ, ಅಂದರೆ ಮೈಕ್ರೋಸಾಫ್ಟ್ ಕಂಪೆನಿ ಇಂಟರ್ನೆಟ್ಟಿನಲ್ಲಿ ಕೊಡುವ ಸಂಗ್ರಹದೊಳಗೆ, ಸೇರಿಕೊಂಡಿರಬಹುದು. ಬಿಟ್ಟಿ ಜಾಗ 5 ಜಿಬಿ ಮಾತ್ರ, ಫೋಟೋ ತುಂಬಿಸಿದರೆ ಮುಗಿಯಿತು, ‘ಜಾಗ ತುಂಬಿದೆ’ ಎಂಬ ಎಚ್ಚರಿಕೆ ಬರುತ್ತದೆ. ಅದು ನಿಮ್ಮ ಲ್ಯಾಪ್‌ಟಾಪ್ ತುಂಬಿದ್ದಲ್ಲ, ಹೆದರಿ ದುಡ್ಡು ಕಟ್ಟಬೇಡಿ. ಹಾಗೆಂದು ಒನ್‌ಡ್ರೈವಿನೊಳಗಿನ ಫೈಲು ಅಳಿಸಲೂ ಹೋಗಬೇಡಿ, ಎರಡೂ ಕಡೆಯಿಂದ ಅಳಿಯುತ್ತದೆ. ಮಗಳು ಬಂದಾಗ ಒಟ್ಟಿಗೆ ಕೂತು ಸರಿ ಮಾಡಿ.

ಈಗ ಕನ್ನಡ. ಸೆಟ್ಟಿಂಗ್ಸ್, ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಆ್ಯಂಡ್ ರೀಜನ್, ಅಲ್ಲಿ ಆ್ಯಡ್ ಎ ಲ್ಯಾಂಗ್ವೇಜ್ ಒತ್ತಿ ಕನ್ನಡ ಆರಿಸಿ. ಡಿಸ್‌ಪ್ಲೇ ಲ್ಯಾಂಗ್ವೇಜ್ ಎಂಬ ಚೌಕಕ್ಕೆ ಗುರುತು ಹಾಕಬೇಡಿ. ಮೆನುಗಳೆಲ್ಲ ಕನ್ನಡಕ್ಕೆ ತಿರುಗಿದರೆ ಫೋನಿನಲ್ಲಿ ಸಹಾಯ ಹೇಳುವವರಿಗೆ ಯಾವುದು ಎಲ್ಲಿ ಎಂದು ತಿಳಿಯದು. ಆಮೇಲೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷ್, ಕನ್ನಡ ಬದಲಾಗುತ್ತದೆ. ಪಾಸ್‌ವರ್ಡ್ ಸರಿ ಕೊಟ್ಟರೂ ತಪ್ಪು ಎಂದರೆ ಮೊದಲು ನೋಡಬೇಕಾದ್ದು ಇದನ್ನೇ, ಮತ್ತೆ ಕ್ಯಾಪ್ಸ್ ಲಾಕ್.

ಹೀಗೆ ಬರುವ ಕೀಬೋರ್ಡಿನ ಹೆಸರು ಇನ್‌ಸ್ಕ್ರಿಪ್ಟ್. ಇಂಗ್ಲಿಷ್ ಅಕ್ಷರದ ಉಚ್ಚಾರದಂತೆ ಒತ್ತುವ ಫೊನೆಟಿಕ್ ಕೀಬೋರ್ಡೂ ವಿಂಡೋಸಿನಲ್ಲಿ ಉಂಟು, ಹಲವರು ಅದನ್ನೇ ಹೇಳುತ್ತಾರೆ. ಆದರೆ ಕಾಸರಗೋಡಿನವರಿಗೆ ಇನ್‌ಸ್ಕ್ರಿಪ್ಟೇ ಮೇಲು ಎಂದು ನಾನು ಒತ್ತಿ ಹೇಳುತ್ತೇನೆ. ಕಾರಣ, ಭಾರತದ ಹೆಚ್ಚಿನ ಭಾಷೆಗಳಿಗೆ ಅದರ ಕೀ ಜಾಗ ಹೆಚ್ಚುಕಡಿಮೆ ಒಂದೇ. ಕನ್ನಡದ ‘ಕ’ ಎಲ್ಲಿ ಉಂಟೋ ಮಲಯಾಳದ ‘ಕ’ವೂ ಅಲ್ಲೇ. ಪಂಚಾಯತಿಗೆ ಮಲಯಾಳದಲ್ಲಿ, ಸೊಸೈಟಿಗೆ ಕನ್ನಡದಲ್ಲಿ ಬರೆಯಬೇಕಾದ ನಮಗೆ ಒಮ್ಮೆ ಕಲಿತದ್ದು ಎರಡಕ್ಕೂ ಬಂತು. ಶಾಲೆಯಲ್ಲಿ ಮಲಯಾಳ ಟೈಪಿಂಗ್ ಕಲಿತ ಮಕ್ಕಳಿಗೆ ಕನ್ನಡ ಬೆರಳಿನಲ್ಲೇ ಇರುತ್ತದೆ. (ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯುವ ಹಕ್ಕು 1969ರ ಕೇರಳದ ಅಧಿಕೃತ ಭಾಷೆಗಳ ಕಾಯಿದೆಯಲ್ಲೇ ಉಂಟು, ಬಿಟ್ಟುಕೊಡಬೇಡಿ.)

ಹೆಚ್ಚಾಗಿ ಎಡಗೈ ಕಡೆ ಸ್ವರ, ಬಲಗೈ ಕಡೆ ವ್ಯಂಜನ. ಸ್ವರದ ಕೀಯನ್ನು ಸುಮ್ಮನೆ ಒತ್ತಿದರೆ ಕಾಗುಣಿತದ ಗುರುತು, ಶಿಫ್ಟ್ ಹಿಡಿದು ಒತ್ತಿದರೆ ಪೂರ್ಣ ಸ್ವರ. ‘ಕಾಸರಗೋಡು’ ಬರೆದು ನೋಡಿ: ಕೆ ಒತ್ತಿದರೆ ಕ, ಇ ಒತ್ತಿದರೆ ದೀರ್ಘ ಸೇರಿ ಕಾ, ಎಂ ಒತ್ತಿದರೆ ಸ, ಜೆ ಒತ್ತಿದರೆ ರ, ಐ ಒತ್ತಿದರೆ ಗ, ಮೇಲೆ ಎ ಒತ್ತಿದರೆ ಗೋ, ಪಿ ಪಕ್ಕದ ಚೌಕಾವರಣ ಒತ್ತಿದರೆ ಡ, ಜಿ ಒತ್ತಿದರೆ ಡು. ಎಂಟು ಕೀ. ಒತ್ತಕ್ಷರಕ್ಕೆ ನಡುವೆ ಡಿ ಬೇಕು: ‘ಅಮ್ಮ’ ಎಂದರೆ ಶಿಫ್ಟ್ ಹಿಡಿದು ಡಿ, ಆಮೇಲೆ ಸಿ, ಡಿ, ಸಿ. ಅರ್ಕಾವೊತ್ತಿನಲ್ಲಿ ಎಲ್ಲರೂ ತಪ್ಪುತ್ತಾರೆ. ಕೈಬರಹದಲ್ಲಿ ಅದನ್ನು ಕೊನೆಗೆ ಹಾಕುತ್ತೇವಲ್ಲ, ಹಾಗಾಗಿ. ಇಲ್ಲಿ ಉಚ್ಚಾರದ ಕ್ರಮ: ‘ರ್ಕ’ ಬೇಕಾದರೆ ಮೊದಲು ಜೆ, ಆಮೇಲೆ ಡಿ, ಆಮೇಲೆ ಕೆ. ಕೀಗಳ ಚಿತ್ರ ಬರೆದು ಪರದೆಯ ಪಕ್ಕ ಅಂಟಿಸಿಕೊಂಡರೆ ಎರಡು ಮೂರು ವಾರದಲ್ಲಿ ಅದನ್ನು ನೋಡುವುದು ಬಿಟ್ಟುಹೋಗುತ್ತದೆ.

ಮೊದಲು ಬರೆಯಿರಿ, ಬರೆದದ್ದನ್ನು ಸೆಲೆಕ್ಟ್ ಮಾಡಿದ ಮೇಲೆ ಅಕ್ಷರದ ಗಾತ್ರ ಬದಲಿಸಿ. ಲಿಬ್ರೆ ಆಫೀಸಿನಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಫಾಂಟು ಬೇರೆ ಬೇರೆ. ಕನ್ನಡಕ್ಕೆ ನಿರ್ಮಲಾ ಯುಐ ಸಾಕು. ಸೊಸೈಟಿಯ ಹಳೆಯ ನಡಾವಳಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡರೆ ಫೈಲು ಕೆಟ್ಟದ್ದಲ್ಲ. ಅದು ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ, ಹಳೆಯ ನುಡಿ ಫಾಂಟಿನಂಥದ್ದರಲ್ಲಿ ಬರೆದದ್ದು; ಅದೇ ಫಾಂಟು ಇದ್ದರೆ ಮಾತ್ರ ಓದಲಿಕ್ಕಾಗುತ್ತದೆ. ಹಳೆಯ ಫಾಂಟಿನ ಬರಹವನ್ನು ಬದಲಿಸಿಕೊಡುವ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯುನಿಕೋಡಿಗೆ ತನ್ನಿ.

ಕಳಿಸುವಾಗ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್. ಬರೆದ ಫೈಲನ್ನೇ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಸಾಲು, ಪುಟ ಜಾರಬಹುದು. ಫೋಟೋ ಅಪ್‌ಲೋಡ್ ಮಾಡುವಾಗ ‘ಗಾತ್ರ ಹೆಚ್ಚಾಯಿತು’ ಎಂದರೆ ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್ ನೋಡಿ. ಫೋನಿನ ಫೋಟೋ 3 ಎಂಬಿ ಎಂದರೆ 3,000 ಕೆಬಿಗೂ ಮೇಲೆ. ವಿಂಡೋಸಿನಲ್ಲೇ ಇರುವ ಪೇಂಟಿನಲ್ಲಿ ತೆರೆದು ಕಂಟ್ರೋಲ್ ಡಬ್ಲ್ಯು ಒತ್ತಿ 25 ಶೇಕಡಕ್ಕೆ ಇಳಿಸಿ, ಬೇರೆ ಹೆಸರಲ್ಲಿ ಉಳಿಸಿ.

ಲ್ಯಾಪ್‌ಟಾಪ್ ನಿಧಾನವಾದರೆ ಶಟ್ ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ. ಈಗಿನ ವಿಂಡೋಸಿನಲ್ಲಿ ಶಟ್ ಡೌನ್ ಬೇಗ ಏಳಲಿಕ್ಕಾಗಿ ಒಳಗಿನ ಸ್ಥಿತಿಯನ್ನು ಕೊಂಚ ಉಳಿಸಿಕೊಂಡೇ ಮಲಗುತ್ತದೆ. ರೀಸ್ಟಾರ್ಟ್ ಪೂರ್ತಿ ಹೊಸದಾಗಿ ಏಳುತ್ತದೆ. ಪರದೆಯಲ್ಲಿ ‘ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಬಂದರೆ ಆಲ್ಟ್ ಹಿಡಿದು ಎಫ್4 ಒತ್ತಿ ಮುಚ್ಚಿ, ಕರೆ ಮಾಡಬೇಡಿ. ದುಡ್ಡು ಹೋಗಿಯೇ ಬಿಟ್ಟರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಹೇಳಿ.

ಹಾಸಿಗೆಯ ಮೇಲಿಟ್ಟು ಬಳಸಿದರೆ ಅಡಿಯ ಗಾಳಿ ಕಂಡಿ ಮುಚ್ಚಿ ಬಿಸಿಯಾಗುತ್ತದೆ, ಮೇಜಿನ ಮೇಲಿಡಿ. ಲೋಹದ ಮೈ ಮುಟ್ಟಿದಾಗ ಜುಮ್ ಎಂದರೆ ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಇಲ್ಲದಿರಬಹುದು, ಇಲೆಕ್ಟ್ರೀಶಿಯನ್‌ಗೆ ತೋರಿಸಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ಗುಡುಗು ಕೇಳಿಸಿದರೆ ಸ್ವಿಚ್ಚು ಆರಿಸಿದರೆ ಸಾಲದು, ಚಾರ್ಜರನ್ನು ಪ್ಲಗ್ಗಿನಿಂದಲೇ ಕೀಳಿ, ಇಂಟರ್‌ನೆಟ್ ವಯರು ಚುಚ್ಚಿದ್ದರೆ ಅದನ್ನೂ. ಬ್ಯಾಟರಿಯಲ್ಲೇ ಬರೆಯುತ್ತಿರಿ, ಪ್ರತಿ ಪ್ಯಾರಾ ಮುಗಿದಾಗ ಕಂಟ್ರೋಲ್ ಎಸ್.