ತೋಟದಲ್ಲಿ ಹೂವಿನ ಮುಂದೆ ಹಾರಾಡೋ ಪುಟ್ಟ ಹಕ್ಕಿ ಹಮ್ಮಿಂಗ್ ಬರ್ಡ್ ಅಲ್ವಾ?

ಅಲ್ಲ. ಹಮ್ಮಿಂಗ್ ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ, ನೀವು ನೋಡಿದ್ದು ಸೂರಕ್ಕಿ. ಮಲೆನಾಡು, ಕೊಡಗು ಕಡೆ ತೋಟ ಅಂದ್ರೆ ಬೆನ್ನು ಕಡುಗೆಂಪಗಿರೋ ಚಿಕ್ಕ ಸೂರಕ್ಕಿ ಇರಬಹುದು, ಅದು ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಉದ್ದ 10 ಸೆಂ.ಮೀ. ಕೂಡ ಇರಲ್ಲ. ಗಂಡಿಗೆ ನೆತ್ತಿ ಹೊಳೆಯೋ ಹಸಿರು, ಗಂಟಲು ನೇರಳೆ, ಹೊಟ್ಟೆ ಹಳದಿ, ಹೆಣ್ಣು ಪಾಪ ಮಂಕು ಬಣ್ಣ ಆದ್ರೆ ಬಾಲದ ಬುಡದ ಮೇಲೆ ಕೆಂಪು ಕಾಣುತ್ತೆ, ಅದೇ ಗುರುತು.

ಹಮ್ಮಿಂಗ್ ಬರ್ಡ್ ಥರ ಗಾಳಿಯಲ್ಲೇ ನಿಂತು ಕುಡಿಯೋದು ಇದಕ್ಕೆ ಅಪರೂಪ, ಸಾಮಾನ್ಯವಾಗಿ ರೆಂಬೆ ಹಿಡ್ಕೊಂಡು, ಬೇಕಾದ್ರೆ ತಲೆಕೆಳಗಾಗಿ ನೇತಾಡ್ಕೊಂಡು ಕುಡಿಯುತ್ತೆ. ಹೂವು ತುಂಬಾ ಉದ್ದ ಇದ್ರೆ ಬುಡಕ್ಕೇ ತೂತು ಹೊಡೆದು ಮಕರಂದ ಎತ್ಕೊಂಡು ಹೋಗುತ್ತೆ, ಶುದ್ಧ ಕಳ್ಳತನ! ಆದ್ರೆ ಬೇರೆ ಮರದ ಮೇಲೆ ಬೆಳೆಯೋ ಬಂದಳಿಕೆ ಗಿಡದ ಹತ್ರ ಇದರ ಆಟ ನಡೆಯಲ್ಲ. ಕೆಲವು ಬಂದಳಿಕೆ ಮೊಗ್ಗುಗಳು ಕೊಕ್ಕು ತಾಗಿದ ತಕ್ಷಣ ಪಟ್ ಅಂತ ಬಿಚ್ಚಿ ಪರಾಗನ ಹಕ್ಕಿ ಮುಖಕ್ಕೇ ಎರಚುತ್ತವೆ, ಅದು ಹಾಗೇ ಮುಂದಿನ ಗಿಡಕ್ಕೆ ಹೋಗುತ್ತೆ.

ಗೂಡು ಸಣ್ಣ ಚೀಲದ ಥರ, ನಾರು ಪಾಚಿ ಎಲ್ಲ ಸೇರಿಸಿ ಜೇಡರ ಬಲೆಯಲ್ಲಿ ಅಂಟಿಸಿ ರೆಂಬೆ ತುದಿಗೋ ಜರಿಗಿಡದ ಎಲೆಗೋ ನೇತು ಹಾಕಿರುತ್ತೆ, ಬಾಗಿಲು ಪಕ್ಕದಲ್ಲಿ. ಸಾಮಾನ್ಯವಾಗಿ ಎರಡು ಮೊಟ್ಟೆ. ಮರಿಗೆ ಬರೀ ಮಕರಂದ ಸಾಕಾಗಲ್ಲ, ಪ್ರೋಟೀನ್ ಬೇಕಲ್ಲ, ಅದಕ್ಕೆ ಹುಳ ಜೇಡ ಹಿಡಿದು ತರ್ತವೆ. ಅಂದ್ರೆ ಜೇಡನ ಬಲೆ ಮನೆಗೆ, ಜೇಡ ಊಟಕ್ಕೆ.